ಇರುವುದು 12 ಪಾಯಿಂಟ್, ಬರೆದಿದ್ದು 4 ಪುಟ: ಲಾರ್ಪ್ ಪಾತ್ರದ ಹಿನ್ನೆಲೆಗೂ ಸ್ಕಿಲ್‌ಗೂ ಹೊಂದಿಸುವುದು ಹೇಗೆ?

ಕಾಡುಬೆಕ್ಕು:
ಎಲ್ಲರಿಗೂ ನಮಸ್ಕಾರ. ಟೇಬಲ್ ಮೇಲೆ ದಾಳ ಉರುಳಿಸಿ ಪಾತ್ರ ಆಡಿದ್ದು ಬೇಕಾದಷ್ಟಿದೆ. ಆದರೆ ವೇಷ ಹಾಕಿಕೊಂಡು, ಫೋಮ್ ಕತ್ತಿ ಹಿಡಿದು, ಎರಡು ದಿನ ಕಾಡಿನಲ್ಲಿ ಓಡಾಡಿ ಪಾತ್ರವನ್ನೇ ಬದುಕುವ ಆಟ, ಅಂದರೆ ಲಾರ್ಪ್, ನನಗೆ ಇದೇ ಮೊದಲು. ಇನ್ನು 3 ವಾರ ಇದೆ.

ಪಾತ್ರದ ಹಿನ್ನೆಲೆ ಬರೆದು ಕಳಿಸಿದೆ. 4 ಪುಟ ಆಯಿತು. ಚಿಕ್ಕದಾಗಿ ಹೇಳಿದರೆ: ದೊಡ್ಡ ಮನೆತನದ ಹುಡುಗಿ. 7ನೇ ವಯಸ್ಸಿಗೆ ಕೋಟೆ ಸುಟ್ಟುಹೋಗಿ ಕಳ್ಳರ ಗುಂಪಿನಲ್ಲಿ ಬೆಳೆಯುತ್ತಾಳೆ. ಆಮೇಲೆ 5 ವರ್ಷ ಒಂದು ಮಠದಲ್ಲಿ ವೈದ್ಯ ಕಲಿಯುತ್ತಾಳೆ, ಹಳೆ ಗ್ರಂಥ ಓದುತ್ತಾಳೆ. ಆಮೇಲೆ ಗಡಿ ಯುದ್ಧ. ಮಧ್ಯೆ ಎಲ್ಲೋ ಒಬ್ಬ ವಿಷಗಾರನ ಹತ್ತಿರ ಶಿಷ್ಯೆಯಾಗಿದ್ದಳು.

ಪಾತ್ರಕ್ಕೆ ಏನೇನು ಬರುತ್ತದೆ ಅನ್ನುವ ಸ್ಕಿಲ್‌ಗಳನ್ನು ಪಾಯಿಂಟ್ ಕೊಟ್ಟು ಕೊಳ್ಳಬೇಕು. ನನಗೆ ಬೇಕಾಗಿರುವುದು: ಕತ್ತಿ-ಗುರಾಣಿ 3, ಬೀಗ ತೆಗೆಯುವುದು 2, ಗಾಯ ಕಟ್ಟುವುದು 2, ಗಿಡಮೂಲಿಕೆ 3, ಹಳೆ ಲಿಪಿ 3, ವಿಷದ ಜ್ಞಾನ 4. ಕೂಡಿದರೆ 17. ಹೊಸಬರಿಗೆ ಕೊಡುವುದು 12.

ಆಟದ ಕಥೆ ನಡೆಸುವ ತಂಡದಿಂದ (ಕಥೆ ತಂಡ) ಬಂದ ಉತ್ತರ ಒಂದೇ ಸಾಲು: "ಇವಳಿಗೆ ವಯಸ್ಸೆಷ್ಟು?"

22 ಅಂತ ಬರೆದಿದ್ದೆ. ನಗಬೇಡಿ. ಯಾವುದನ್ನು ಬಿಡಲಿ ಹೇಳಿ.

ಹಳೇ ಗುರಾಣಿ:
ನಗುತ್ತಿಲ್ಲ. ನನ್ನ ಮೊದಲ ಪಾತ್ರಕ್ಕೆ 19 ವರ್ಷ. ಅಷ್ಟರಲ್ಲೇ 3 ಯುದ್ಧ ಗೆದ್ದಿದ್ದ ಮಹಾನುಭಾವ. ಮೊದಲ ದಿನ ಕತ್ತಲಾಗುವ ಮೊದಲೇ ಒಂದು ಗಾಬ್ಲಿನ್ ಪೊದೆಯಿಂದ ಹೊರಗೆ ಬಂದು, ತೊಡೆಗೆ ಒಂದು, ಭುಜಕ್ಕೆ ಒಂದು ಕೊಟ್ಟು ಮಲಗಿಸಿಬಿಟ್ಟಿತು. ಆ ಮುಖವಾಡದ ಒಳಗಿದ್ದವನಿಗೆ ವಾರಕ್ಕೆ ಎರಡು ದಿನ ಕತ್ತಿ ಬೀಸಿ ಅಭ್ಯಾಸ. ನನಗೆ ಕಾಗದದ ಮೇಲೆ ಯುದ್ಧ ಗೆದ್ದು ಅಭ್ಯಾಸ.

ಯಾವುದನ್ನು ಬಿಡುವುದು ಅನ್ನುವುದು ಆಮೇಲಿನ ಮಾತು. ಮೊದಲು ಒಂದು ಲೆಕ್ಕ ಹಾಕಿ. ಪ್ರತಿ ಸ್ಕಿಲ್ ಪಕ್ಕದಲ್ಲಿ ಬರೆಯಿರಿ: ಯಾರು ಕಲಿಸಿದರು, ಎಷ್ಟು ದಿನ ಹಿಡಿಯಿತು, ಅಷ್ಟೂ ದಿನ ಇವಳ ಹೊಟ್ಟೆ ಹೊರೆದವರು ಯಾರು. ಮೂರನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಪಾತ್ರ ಹುಟ್ಟುವುದೇ ಅಲ್ಲಿ. ಮಠ 5 ವರ್ಷ ಸುಮ್ನೆ ಸಾಕಿತಾ? ಬದಲಿಗೆ ಏನು ಕೇಳಿತು? ಕಳ್ಳರು ಬೀಗ ತೆಗೆಯುವುದನ್ನು ಪ್ರೀತಿಯಿಂದ ಹೇಳಿಕೊಟ್ಟರಾ, ಇಲ್ಲ ಚಿಕ್ಕ ಬೆರಳು ಅಂತ ಬಳಸಿಕೊಂಡರಾ?

ಇನ್ನೊಂದು ವಿಷಯ. ಟೇಬಲ್ ಆಟದಿಂದ ಬಂದವರು ಎಡವುವುದು ಇಲ್ಲೇ. ಲಾರ್ಪ್‌ನಲ್ಲಿ ಸ್ಕಿಲ್ ಎರಡು ಥರ. ಪಾತ್ರದ ವಿವರ ಬರೆದ ಶೀಟಿನಲ್ಲಿರುವುದು ಒಂದು, ಮೈಯಲ್ಲಿರುವುದು ಇನ್ನೊಂದು. "ಕತ್ತಿ-ಗುರಾಣಿ" ಅಂತ 3 ಪಾಯಿಂಟ್ ಹಾಕಿದರೆ ಗುರಾಣಿ ಹಿಡಿಯಲು ಪರವಾನಗಿ ಸಿಗುತ್ತದೆ, ಅಷ್ಟೆ. ಹಿಡಿಯುವ ಕೈ ನಿಮ್ಮದೇ. ಅದೇ ಮಂತ್ರಕ್ಕೆ ಹಾಗಲ್ಲ. ಅದರ ಮಾತು ಹೇಳಿ, ಬಟ್ಟೆಯ ಪುಟ್ಟ ಉಂಡೆ ಎಸೆದರೆ ಎದುರಿನವನಿಗೆ ಬೆಂಕಿ ತಗಲಿದ ಹಾಗೆ. ನಿಮಗೆ ನಿಜವಾಗಿ ಬೆಂಕಿ ಎಬ್ಬಿಸಲು ಬರಬೇಕಾಗಿಲ್ಲ. ಬೀಗ ಮಧ್ಯದ್ದು. ಕೆಲವು ಆಟದಲ್ಲಿ ಒಂದು ಚೀಟಿ ತೋರಿಸಿ ಎಣಿಸಿದರೆ ತೆರೆಯಿತು ಅಂತ ಲೆಕ್ಕ. ಕೆಲವು ಕಡೆ ನಿಜವಾದ ಬೀಗವನ್ನೇ ಪೆಟ್ಟಿಗೆಗೆ ಹಾಕಿರುತ್ತಾರೆ, ತಂತಿ ಹಿಡಿದು ಕೂರಬೇಕು.

ಅದಕ್ಕೇ ಪ್ರತಿ ಸ್ಕಿಲ್ ಬಗ್ಗೆ ನಿಮ್ಮ ರೂಲ್ ಬುಕ್ ನೋಡಿ: ಇದನ್ನು ಮಾಡುವವಳು ಪಾತ್ರವೋ, ನಾನೋ? "ನಾನು" ಅಂತ ಉತ್ತರ ಬಂದ ಕಡೆ ಹಿನ್ನೆಲೆ ಸ್ವಲ್ಪ ತಗ್ಗಿ ನಡೆಯಲಿ. ಗಡಿ ಯುದ್ಧದ ವೀರೆ ಅಂತ ಬರೆದು ಕತ್ತಿಯನ್ನು ಕೊಡೆ ಹಿಡಿದ ಹಾಗೆ ಹಿಡಿದರೆ ನೋಡುವವರಿಗಿಂತ ಜಾಸ್ತಿ ನಿಮಗೇ ಮುಜುಗರ.

ಲೆಕ್ಕದ ಮನುಷ್ಯ:
ಗುರಾಣಿ ಸರ್ ಹೇಳಿದ್ದೆಲ್ಲ ಸರಿ, ಆದರೆ ಕ್ರಮ ಉಲ್ಟಾ. ಮೊದಲು ಸ್ಕಿಲ್, ಆಮೇಲೆ ಕಥೆ. ಎರಡು ದಿನದಲ್ಲಿ ನೀವು ಏನು ಮಾಡುತ್ತಾ ಇರಬೇಕು ಅಂತ ತೀರ್ಮಾನ ಮಾಡಿ, ಅದಕ್ಕೆ ಪಾಯಿಂಟ್ ಸುರಿಯಿರಿ. ಹಿನ್ನೆಲೆ ಅನ್ನುವುದು ಮೇಲಿನ ಬಣ್ಣ. ನಿಮ್ಮ 4 ಪುಟವನ್ನು ಕಾಡಿನಲ್ಲಿ ಯಾರೂ ಓದುವುದಿಲ್ಲ. ಗಾಯಕ್ಕೆ ಬಟ್ಟೆ ಕಟ್ಟಲು ಬರುತ್ತದಾ ಇಲ್ವಾ ಅಂತ ಮಾತ್ರ ಕೇಳುತ್ತಾರೆ.

12 ಪಾಯಿಂಟನ್ನು 6 ಕಡೆ ಹಂಚಿದರೆ ಯಾವುದರಲ್ಲೂ ಗಟ್ಟಿ ಇಲ್ಲ. ಎರಡು ವಿಷಯ ಹಿಡಿಯಿರಿ. ವೈದ್ಯರಿಗೆ ಕೆಲಸ ಯಾವಾಗಲೂ ಇರುತ್ತದೆ, ಯಾಕೆಂದರೆ ಜನ ಯಾವಾಗಲೂ ಪೆಟ್ಟು ತಿನ್ನುತ್ತಾರೆ. ಹಳೆ ಲಿಪಿ ಬಿಡಿ. ಓದಲು ಏನೂ ಸಿಗದೆ ಇಡೀ ಈವೆಂಟ್ ಕಳೆದವರನ್ನು ನೋಡಿದ್ದೇನೆ.

ನೂಲಿನುಂಡೆ:
ಹಳೆ ಲಿಪಿ ತೆಗೆದುಕೊಂಡು ಹಾಗೆ ಕಳೆದವಳು ನಾನೇ 🙂 ಒಂದೇ ಒಂದು ಕಲ್ಲಿನ ಮೇಲೆ ಬರಹ ಇತ್ತು, ಅದೂ ಮಧ್ಯರಾತ್ರಿ ಇನ್ನೊಂದು ಗುಂಪಿಗೆ ಸಿಕ್ಕಿತು. ನಾನು ಡೇರೆಯಲ್ಲಿ ಮಲಗಿದ್ದೆ.

ಕಥೆ ಹೆಣೆಯುವವಳು:
ನಾನು ಬೇರೆ ಆಟವೊಂದರ ಕಥೆ ತಂಡದಲ್ಲಿದ್ದೇನೆ. "ಯಾರೂ ಓದುವುದಿಲ್ಲ" ಅಂದಿರಲ್ಲ, ನಾವು ಓದುತ್ತೇವೆ. ಓದುವಾಗ ಪೆನ್ ಹಿಡಿದು ಕೂರುತ್ತೇವೆ. ಗುಟ್ಟು ಬಿಟ್ಟುಕೊಡುತ್ತೇನೆ, ಏನಕ್ಕೆ ಗೆರೆ ಎಳೆಯುತ್ತೇವೆ ಅಂತ.

ಬದುಕಿರುವ ಮನುಷ್ಯರ ಹೆಸರಿಗೆ. ತೀರಿಸದ ಸಾಲಕ್ಕೆ. ಮತ್ತೆ ಕಾಲಿಡಲಾಗದ ಊರಿಗೆ. ಅಷ್ಟೇ.

ಸುಟ್ಟುಹೋದ ಕೋಟೆಯಿಂದ ನಮಗೆ ಏನೂ ಉಪಯೋಗ ಇಲ್ಲ. ಎಲ್ಲರೂ ಸತ್ತಿದ್ದಾರೆ. ಒಂದು ಸಲ ಒಟ್ಟಿಗೆ ಬಂದ ಹಿನ್ನೆಲೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಬದುಕಿದ್ದ ಪಾತ್ರ ಎಷ್ಟು ಅಂತ ಎಣಿಸಿದೆವು. ಒಂದು ಕೈಯ ಬೆರಳು ಸಾಕಾಯಿತು. ಸತ್ತವರನ್ನು ನಾವು ಶನಿವಾರ ಸಂಜೆ ನಿಮ್ಮ ಡೇರೆಗೆ ಕಳಿಸಲು ಆಗುವುದಿಲ್ಲ. (ಆಗುತ್ತದೆ, ಆದರೆ ಅದಕ್ಕೆ ಬಿಳಿ ಬಣ್ಣ ಬಳಿಯಲು ಒಂದು ಗಂಟೆ ಬೇಕು.)

ಅದೇ ಸ್ಕಿಲ್ ಪಕ್ಕದಲ್ಲಿ "ಹೆಬ್ಬೆರಳು ಇಲ್ಲದ ಒಬ್ಬ ಮುದುಕ ಕಲಿಸಿದ" ಅಂತ ಒಂದು ಸಾಲು ಇದ್ದರೆ ನಮ್ಮ ಕೆಲಸ ಅರ್ಧ ಮುಗಿಯಿತು. ಎನ್‌ಪಿಸಿ (ನಮ್ಮ ಕಡೆಯಿಂದ ಪಾತ್ರ ಹಾಕುವವರು) ಒಬ್ಬರ ಹೆಬ್ಬೆರಳಿಗೆ ಕಪ್ಪು ಬಟ್ಟೆ ಸುತ್ತಿ ಕಳಿಸಿದರೆ ಆಯಿತು. ಸ್ಕಿಲ್ ಅಂದರೆ ನಿಮಗೆ ಕೆಲಸ, ನಮಗೆ ಅದು ಬಾಗಿಲು. ಹಿಂದೆ ಯಾರೂ ಇಲ್ಲದ ಸ್ಕಿಲ್ ಗೋಡೆ ಇದ್ದ ಹಾಗೆ.

ಇನ್ನು "ವಯಸ್ಸೆಷ್ಟು" ಅಂತ ಕೇಳಿದ್ದು ಅಣಕ ಅಲ್ಲ. ಹೊಸಬರಿಗೆ ನೇರವಾಗಿ "ಇದು ಜಾಸ್ತಿ ಆಯಿತು" ಅನ್ನಲು ಸಂಕೋಚ ಆದಾಗ ನಾವೂ ಹೀಗೇ ಬರೆಯುತ್ತೇವೆ.

ದಾಳದಜ್ಜ:
ಹಳೇ ಕಥೆ ಸ್ವಲ್ಪ ಹೇಳುತ್ತೇನೆ, ಬೇಡದವರು ದಾಟಿಕೊಂಡು ಹೋಗಿ.

ಈ ಜಗಳ ಹೊಸದಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಟೇಬಲ್ ಆಟ ಬಂದಾಗ ಹಿನ್ನೆಲೆ ಅನ್ನುವ ಖಾನೆಯೇ ಇರಲಿಲ್ಲ. ಹೋರಾಟಗಾರ, ಮಂತ್ರಗಾರ, ಪೂಜಾರಿ, ಮೂರರಲ್ಲಿ ಒಂದು ಆರಿಸಿದರೆ ಮುಗಿಯಿತು. 1977ರಲ್ಲಿ ಟ್ರಾವೆಲರ್ ಅನ್ನುವ ಆಟ ಬಂತು. ಅದರಲ್ಲಿ ಆಟಕ್ಕೆ ಮೊದಲೇ ಪಾತ್ರದ ಬದುಕನ್ನು ದಾಳದಿಂದ ಬದುಕಬೇಕು. ಸೈನ್ಯದಲ್ಲೋ ವ್ಯಾಪಾರದಲ್ಲೋ 4 ವರ್ಷದ ಒಂದೊಂದು ಅವಧಿ. ಪ್ರತಿ ಅವಧಿಗೂ ಸ್ಕಿಲ್ ಸಿಗುತ್ತದೆ, ವಯಸ್ಸೂ ಏರುತ್ತದೆ. ಇನ್ನೊಂದು ಸ್ಕಿಲ್ ಬೇಕು ಅಂತ ಆಸೆಪಟ್ಟು ಇನ್ನೊಂದು ಅವಧಿಗೆ ಹೋದರೆ, ದಾಳ ಕೈಕೊಟ್ಟು ಪಾತ್ರ ಅಲ್ಲೇ ಸತ್ತುಹೋಗಬಹುದು. ಆಟ ಶುರುವಾಗುವ ಮೊದಲೇ! ಕಾಡುಬೆಕ್ಕು ಅವರ 17 ಪಾಯಿಂಟಿನ ಹುಡುಗಿ ಅಲ್ಲಿದ್ದಿದ್ದರೆ ಮಠದಲ್ಲೇ ತೀರಿಹೋಗುತ್ತಿದ್ದಳು.

ಆಮೇಲೆ 2014ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆವೃತ್ತಿಯಲ್ಲಿ ಹಿನ್ನೆಲೆ ಅನ್ನುವುದು ನಿಯಮವೇ ಆಯಿತು. ನಾವಿಕ, ಸೈನಿಕ, ಸನ್ಯಾಸಿ ಅಂತ 13 ಬಗೆ. ಯಾವುದನ್ನು ಆರಿಸಿದರೂ 2 ಸ್ಕಿಲ್ ಜೊತೆಗೆ ಬರುತ್ತದೆ. ಟೇಬಲ್‌ನಿಂದ ಬಂದವರು "ಹಿನ್ನೆಲೆ ಬರೆದೆ, ಸ್ಕಿಲ್ ಕೊಡಿ" ಅನ್ನುವುದು ಈ ಅಭ್ಯಾಸದಿಂದ ಅಂತ ನನ್ನ ಅನಿಸಿಕೆ.

ಮೈಯಿಂದ ಆಡುವ ಆಟದ ಬೇರು ಬೇರೆ. ಅಮೆರಿಕದಲ್ಲಿ 1977ರಲ್ಲಿ ಶುರುವಾದ ಡಾಗೋರ್ಹಿರ್‌ನಲ್ಲಿ ಫೋಮ್ ಸುತ್ತಿದ ಆಯುಧದ ಹೊಡೆದಾಟವೇ ಪ್ರಧಾನ. ಇಂಗ್ಲೆಂಡಿನಲ್ಲಿ 1982ರಲ್ಲಿ ಟ್ರೆಷರ್ ಟ್ರ್ಯಾಪ್ ಅನ್ನುವವರು ಪೆಕ್‌ಫರ್ಟನ್ ಕೋಟೆಯಲ್ಲಿ ಆಟ ಇಟ್ಟರು. ಅಲ್ಲಿ ಜನ ನಿಜವಾದ ಕಲ್ಲಿನ ಓಣಿಗಳಲ್ಲೇ ನಡೆದು ರಾಕ್ಷಸರನ್ನು ಎದುರಿಸಿದರು. ಇನ್ನೊಂದು ತುದಿ ನೋಡಬೇಕೆಂದರೆ 2014ರಲ್ಲಿ ಪೋಲೆಂಡಿನ ಚೋಹಾ ಕೋಟೆಯಲ್ಲಿ ಶುರುವಾದ ಕಾಲೇಜ್ ಆಫ್ ವಿಝರ್ಡ್ರಿ. ಅಲ್ಲಿ ಮಂತ್ರ ಹಾಕುವವನ ಪಾಯಿಂಟ್ ಎಷ್ಟು ಅನ್ನುವ ಪ್ರಶ್ನೆಯೇ ಇಲ್ಲ. ಮಂತ್ರ ಹಾಕಿಸಿಕೊಂಡವನು ಅದು ಎಷ್ಟು ತಾಗಿತು ಅಂತ ತಾನೇ ನಿರ್ಧರಿಸುತ್ತಾನೆ. ಅಂಥ ಕಡೆ ಲೆಕ್ಕದ ಮನುಷ್ಯರಿಗೆ ಲೆಕ್ಕ ಹಾಕಲು ಏನೂ ಉಳಿಯುವುದಿಲ್ಲ.

ಲೆಕ್ಕದ ಮನುಷ್ಯ:
ಅಜ್ಜಾ, ಅಂಥ ಕಡೆ ನಾನು ಹೋಗುವುದೂ ಇಲ್ಲ.

ಮೂಲೆಮಾತು:
ನನ್ನದೊಂದು ಅಡ್ಡಪ್ರಶ್ನೆ. ನಿಜ ಜೀವನದಲ್ಲಿ ನನಗೆ ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ. ಆದರೆ ಸಂಧಾನ ಮಾಡುವ ಪಾತ್ರ ಆಡಬೇಕು ಅಂತ ಆಸೆ. ಟೇಬಲ್ ಮೇಲೆ ದಾಳ ಉರುಳಿಸಿ "ಒಪ್ಪಿಸಿದೆ" ಅನ್ನಬಹುದಿತ್ತು. ಇಲ್ಲಿ ಹೇಗೆ? ಕಾಡುಬೆಕ್ಕು ಅವರ ಪ್ರಶ್ನೆಗೆ ಅಡ್ಡ ಬಂದಿದ್ದರೆ ಕ್ಷಮಿಸಿ.

ಕಥೆ ಹೆಣೆಯುವವಳು:
ಅಡ್ಡ ಏನೂ ಇಲ್ಲ, ಇದು ಅದೇ ಪ್ರಶ್ನೆ. ಮಾತು ನಿಮ್ಮ ಮೈಯ ಸ್ಕಿಲ್, ಅದಕ್ಕೆ ಪಾಯಿಂಟ್ ಇಲ್ಲ. ಆದ್ದರಿಂದ ಹಿನ್ನೆಲೆಯೇ ನಿಮಗೆ ಮಾತು ಕೊಡಲಿ. ರಾಯಭಾರಿ ಆಗಬೇಡಿ, ಓಲೆಕಾರ ಆಗಿ. ಹೆಗಲಿಗೆ ಒಂದು ಚೀಲ, ಒಳಗೆ ಮುದ್ರೆ ಒತ್ತಿದ ಪತ್ರ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, "ಉತ್ತರ ಬೇಕಂತೆ" ಅಂತ ಹೇಳಿ ಸುಮ್ಮನೆ ನಿಂತುಬಿಡಿ. ಎದುರಿನವರೇ ಮಾತು ಶುರು ಮಾಡುತ್ತಾರೆ. ಸುಮ್ಮನೆ ನಿಂತ ಓಲೆಕಾರನ ಮುಂದೆ ಜನ ಏನೇನು ಬಾಯಿಬಿಡುತ್ತಾರೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ. ಪತ್ರಗಳನ್ನು ಮೊದಲೇ ಬರೆದುಕೊಂಡು ಬನ್ನಿ, ನಮ್ಮಂಥವರನ್ನು ಕೇಳಿದರೆ ಒಂದೆರಡು ನಾವೇ ಬರೆದುಕೊಡುತ್ತೇವೆ.

ಮೂಲೆಮಾತು:
ಅಯ್ಯೋ, ಇದು ಚೆನ್ನಾಗಿದೆ. ಇವತ್ತೇ ಚೀಲ ಹೊಲಿಯಲು ಕೂರುತ್ತೇನೆ.

ಊರುಗೋಲು:
ಇದೇ ದಾರಿಯಲ್ಲಿ ನನ್ನದೊಂದು ಮಾತು. ನನ್ನ ಮೊಣಕಾಲು ಸರಿಯಿಲ್ಲ, ಓಡಲು ಆಗುವುದಿಲ್ಲ. ಮೊದಲೆರಡು ಈವೆಂಟ್ ಅದನ್ನು ಮುಚ್ಚಿಟ್ಟುಕೊಂಡು ಕಾಡಿನ ಬೇಟೆಗಾರ ಅಂತ ಆಡಿದೆ. ಬೇಟೆಗಾರ ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತಾ ಬರುವುದು ನೋಡಲು ಹೇಗಿತ್ತೋ. ಮೂರನೆಯದಕ್ಕೆ ಗಂಟೆ ಎರಕ ಹೊಯ್ಯುವವನಾದೆ. ಕಾಲಿನ ಮೇಲೆ ಕಾಸಿದ ಲೋಹ ಬಿದ್ದಿತ್ತು ಅಂತ ಹಿನ್ನೆಲೆ. ಕೈಯಲ್ಲಿ ಕೋಲು, ಸೊಂಟದಲ್ಲಿ ಚಿಕ್ಕ ಗಂಟೆಗಳು. ಸ್ಕಿಲ್ ಎಲ್ಲ ಕೂತು ಮಾಡುವಂಥದ್ದು: ಆಯುಧ ರಿಪೇರಿ, ಲೋಹ ಪರೀಕ್ಷೆ, ಮುದ್ರೆ ಕೆತ್ತುವುದು. ಜನ ನನ್ನ ಹತ್ತಿರ ಬರುತ್ತಾರೆ, ನಾನು ಅವರ ಹಿಂದೆ ಓಡಬೇಕಾಗಿಲ್ಲ.

ಹೊಡೆತ ಬೇಡ ಅನ್ನುವವರಿಗೆ ಎಷ್ಟೋ ಆಟದಲ್ಲಿ ಪಟ್ಟಿಯೋ ಬಟ್ಟೆಯೋ ಒಂದು ಗುರುತು ಇರುತ್ತದೆ. ಅದನ್ನು ನಾಚಿಕೆಯಿಲ್ಲದೆ ಕೇಳಿ ಹಾಕಿಕೊಳ್ಳಿ. ಆದರೆ ಗುರುತು ರೆಫರಿಗೆ, ಹಿನ್ನೆಲೆ ನಿಮಗೆ. ಎರಡೂ ಇರಲಿ.

ಕಾಡುಬೆಕ್ಕು:
ಇಷ್ಟೊಂದು ಬರೆದಿದ್ದಕ್ಕೆ ಥ್ಯಾಂಕ್ಸ್. ಲೆಕ್ಕ ಹಾಕಿದೆ. ಕಳ್ಳರ ಜೊತೆ 7ರಿಂದ 13, ಮಠ 13ರಿಂದ 18, ವಿಷಗಾರ 2 ವರ್ಷ, ಯುದ್ಧ 2 ವರ್ಷ. 22 ಸರಿಯಾಗುತ್ತದೆ! ಆದರೆ ಅವಳು ಒಂದು ದಿನವೂ ಸುಮ್ಮನೆ ಕೂತಿಲ್ಲ, ಒಬ್ಬ ಗೆಳತಿಯೂ ಇಲ್ಲ. ಬರೆಯುವಾಗ ಗೊತ್ತಾಗಿರಲಿಲ್ಲ.

ಇನ್ನೊಂದು ಸಂಶಯ. ನಮ್ಮ ಆಟದಲ್ಲಿ ಕೆಲವು ಹಿನ್ನೆಲೆ ಆರಿಸಿದರೆ ಒಂದು ಸ್ಕಿಲ್ ಅಗ್ಗ. "ಸೈನಿಕ" ಅಂದರೆ ಕತ್ತಿಗೆ 1 ಪಾಯಿಂಟ್ ಕಡಿಮೆ. ಆ ಲಾಭ ಬಿಡಬೇಕಾ?

ಹಳೇ ಗುರಾಣಿ:
ಬಿಡಿ ಅಂತಲೂ ಇಲ್ಲ, ಹಿಡಿಯಿರಿ ಅಂತಲೂ ಇಲ್ಲ. ನಾನು ಆಡುತ್ತಿದ್ದ ಒಂದು ಆಟದಲ್ಲಿ "ನಾವಿಕ" ಅಂತ ಬರೆದರೆ ಹಗ್ಗದ ಕೆಲಸ, ಚಿಕ್ಕ ಕತ್ತಿ, ಹವಾಮಾನ ಮೂರೂ ಸೇರಿ ಅಗ್ಗಕ್ಕೆ ಸಿಗುತ್ತಿತ್ತು. ಆ ವರ್ಷ ಶಿಬಿರದ ಅರ್ಧ ಜನ ನಾವಿಕರು. ಆಟದ ನಕ್ಷೆಯಲ್ಲಿ ಸಮುದ್ರವೇ ಇರಲಿಲ್ಲ. ಕೊನೆಗೆ ಕಥೆ ತಂಡದವರು ಸೇಡು ತೀರಿಸಿಕೊಂಡರು: ಒಬ್ಬ ಎನ್‌ಪಿಸಿ ಬಂದು "ನಿಮ್ಮಲ್ಲಿ ಯಾರು ಯಾವ ಹಡಗಿನಲ್ಲಿದ್ದಿರಿ?" ಅಂತ ಸಾಲಾಗಿ ಕೇಳುತ್ತಾ ಹೋದ. ಹನ್ನೊಂದು ಜನರ ಹಡಗು ಅಲ್ಲೇ ಮುಳುಗಿತು.

ದಾಳದಜ್ಜ:
ಹ್ಹಹ್ಹ. ನಾನೂ ಆ ಸಾಲಿನಲ್ಲಿದ್ದೆ ಅಂತ ಹೇಳಬೇಡ ಮಾರಾಯ.

ಹಳೇ ಗುರಾಣಿ:
ನೀವು ಒಂಬತ್ತನೆಯವರು.

ಈಗ ಕಾಡುಬೆಕ್ಕು ಅವರಿಗೆ ನಾನು ನಿಜವಾಗಿ ಹೇಳಬೇಕಾದ ಮಾತು. ಎಲ್ಲರೂ ಹಿನ್ನೆಲೆ ಬರೆಯುವುದು "ಇವಳಿಗೆ ಇದು ಹೇಗೆ ಬಂತು" ಅಂತ ಹೇಳಲು. ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡಿದ್ದು ಬೇರೆ. ಹಿನ್ನೆಲೆ ಬೇಕಾಗುವುದು "ಇವಳಿಗೆ ಅದು ಯಾಕೆ ಬರಲಿಲ್ಲ" ಅಂತ ಹೇಳಲು. ಬರುವುದಕ್ಕೆ ಶೀಟ್ ಸಾಕು. ಬಾರದೆ ಇರುವುದಕ್ಕೆ ಕಥೆ ಬೇಕು.

ನಿಮ್ಮ 5 ಪಾಯಿಂಟ್ ಕೊರತೆಯನ್ನು ನಷ್ಟ ಅಂತ ನೋಡಬೇಡಿ. ಮಠದಲ್ಲಿದ್ದೂ ಹಳೆ ಲಿಪಿ ಯಾಕೆ ಬರಲಿಲ್ಲ? ಹುಡುಗಿಯರನ್ನು ಗ್ರಂಥದ ಕೋಣೆಗೆ ಬಿಡುತ್ತಿರಲಿಲ್ಲವಾ? ಕಣ್ಣು ಮಂಜಾಗಿತ್ತಾ? ಕಲಿಸುವವನು ಇವಳನ್ನು ಕಂಡರೆ ಸಿಡುಕುತ್ತಿದ್ದನಾ? ಇವುಗಳಲ್ಲಿ ಒಂದು ಹಿಡಿದರೂ ನಿಮ್ಮ 4 ಪುಟಕ್ಕಿಂತ ಗಟ್ಟಿ. ನಾಳೆ ಕಾಡಿನಲ್ಲಿ ಒಂದು ಹಳೆ ಬರಹ ಎದುರಿಗೆ ಬಂದಾಗ "ನನಗೆ ಓದಲು ಬರುವುದಿಲ್ಲ" ಅನ್ನುವುದನ್ನೂ ಆಡಬಹುದು. ಇಲ್ಲದಿದ್ದರೆ ಅದು ಪಾಯಿಂಟ್ ಸಾಲದ ಆಟಗಾರ್ತಿ ಆಡಿದ ಮಾತಾಗಿ ಉಳಿಯುತ್ತದೆ.

ಲೆಕ್ಕದ ಮನುಷ್ಯ:
ಕೇಳಲು ಚೆಂದ. ಆದರೆ ಬಾರದ ಸ್ಕಿಲ್‌ನಿಂದ ಯಾರ ಜೀವವೂ ಉಳಿಯುವುದಿಲ್ಲ. ಗುಂಪಿನಲ್ಲಿ ಆಡುವವರಿಗೆ ನಿಮ್ಮ ಕೊರತೆ ಒಂದು ಭಾರ. ಐದು ಜನರ ಗುಂಪು ಅಂದರೆ ಒಟ್ಟು 60 ಪಾಯಿಂಟ್. ಅದನ್ನು ಒಟ್ಟಿಗೆ ಕೂತು ಹಂಚಿ, ಆಮೇಲೆ ಐವರಿಗೂ ಒಂದೇ ಊರಿನ ಕಥೆ ಕಟ್ಟಿ. ಹೊಂದಾಣಿಕೆ ಅಂದರೆ ಇದು.

ಹಳೇ ಗುರಾಣಿ:
ಗುಂಪಿಗೆ ನೀವು ಹೇಳಿದ್ದು ಸರಿ, ಒಪ್ಪುತ್ತೇನೆ. ಇವರು ಒಬ್ಬರೇ ಬರುತ್ತಿದ್ದಾರೆ. ಒಬ್ಬರೇ ಬರುವವರಿಗೆ ಕೊರತೆಯೇ ಪರಿಚಯದ ದಾರಿ. ಎಲ್ಲ ಬರುವವಳು ಯಾರ ಡೇರೆಗೂ ಹೋಗಬೇಕಾಗಿಲ್ಲ.

ಲೆಕ್ಕದ ಮನುಷ್ಯ:
ಒಂದು ಒಪ್ಪಿಕೊಂಡುಬಿಡುತ್ತೇನೆ. ಹಿಂದೊಮ್ಮೆ ರಸಾಯನ ಮಾಡುವವನಾಗಿ ಆಡಿದೆ. ಪಾಯಿಂಟ್ ಲೆಕ್ಕ ಪಕ್ಕಾ, ಹಿನ್ನೆಲೆ ಖಾಲಿ. ಬೆಂಕಿಯ ಹತ್ತಿರ ಕೂತಿದ್ದಾಗ ಒಬ್ಬ ಹುಡುಗ "ಇದೆಲ್ಲ ಯಾರು ಕಲಿಸಿದರು?" ಅಂತ ಕೇಳಿದ. ನನ್ನ ಬಾಯಿಗೆ ಬಂದಿದ್ದು "ಪುಸ್ತಕ". ಯಾವ ಪುಸ್ತಕ ಅಂದ. ರೂಲ್ ಬುಕ್ ಅನ್ನಲು ಆಗಲಿಲ್ಲ. ಇಷ್ಟಾದರೂ ಸ್ಕಿಲ್ ಮೊದಲು ಅನ್ನುವ ಮಾತಿನಿಂದ ಹಿಂದೆ ಸರಿಯುವುದಿಲ್ಲ.

ನೂಲಿನುಂಡೆ:
ಜ್ಞಾನದ ಸ್ಕಿಲ್ ಬಗ್ಗೆ ಯಾರೂ ಹೇಳಲಿಲ್ಲ. "ರಾಜ್ಯದ ಇತಿಹಾಸ ಬಲ್ಲವಳು" ಅಂತ ಹಿನ್ನೆಲೆ ಬರೆದರೆ ಆ ಲೋಕದ ಪುಸ್ತಕವನ್ನು ನೀವು ನಿಜವಾಗಿ ಓದಿಕೊಂಡು ಹೋಗಬೇಕು. ಪಾತ್ರಕ್ಕೆ ಗೊತ್ತು, ನನಗೆ ಗೊತ್ತಿಲ್ಲ ಅನ್ನುವ ಸ್ಥಿತಿ ಬಹಳ ಕಷ್ಟ. ಪ್ರತಿ ಸಲ ರೆಫರಿಯನ್ನು ಹುಡುಕಿಕೊಂಡು ಹೋಗಿ "ನನಗೆ ಏನು ಗೊತ್ತು?" ಅಂತ ಕೇಳಬೇಕು. ಹೊಸಬರು ಎಲ್ಲೋ ದೂರದಿಂದ ಬಂದವರು, ಕೆಲಸದಲ್ಲೇ ಮುಳುಗಿದ್ದವರು ಅಂತ ಬರೆದರೆ ನಿಮಗೆ ಗೊತ್ತಿರುವುದೂ ಪಾತ್ರಕ್ಕೆ ಗೊತ್ತಿರುವುದೂ ಹೆಚ್ಚು ಕಡಿಮೆ ಒಂದೇ ಆಗುತ್ತದೆ.

ಆದರೆ ನೆನಪು ಹೋಗಿದೆ ಅಂತ ಮಾತ್ರ ಬರೆಯಬೇಡಿ, ದಯವಿಟ್ಟು.

ಕಥೆ ಹೆಣೆಯುವವಳು:
ನೆನಪು ಹೋದವರಿಗೆ ಅಂತಲೇ ನಮ್ಮಲ್ಲಿ ಒಂದು ಬೇರೆ ಫೈಲ್ ಇದೆ. ದಪ್ಪ ಫೈಲ್.

ಮುಖವಾಡ:
ಎಲ್ಲರೂ ಹೊಂದಿಸಿ ಹೊಂದಿಸಿ ಅಂತಿದ್ದೀರಿ. ಹೊಂದದೇ ಇರುವುದರಲ್ಲೂ ಮಜಾ ಇದೆ. ನನ್ನ ಈಗಿನ ಪಾತ್ರ ಎಲ್ಲರಿಗೂ "ನಾನು ದೊರೆಯ ಕಾವಲುಪಡೆಯಲ್ಲಿದ್ದವನು" ಅಂತ ಹೇಳಿಕೊಂಡು ತಿರುಗುತ್ತಾನೆ. ಶೀಟಿನಲ್ಲಿರುವುದು ಬಟ್ಟೆ ಒಗೆಯುವವನ ಸ್ಕಿಲ್: ಕಲೆ ತೆಗೆಯುವುದು, ಬಟ್ಟೆಯ ಲಾಂಛನ ಗುರುತಿಸುವುದು, ಸದ್ದಿಲ್ಲದೆ ಓಡಾಡುವುದು. ಕಾವಲುಪಡೆಯ ಅಂಗಿಗಳನ್ನು ಒಗೆದವನು ಅವನು. ಯಾರದೋ ಅಂಗಿಯ ರಕ್ತ ಯಾವ ಗಾಯದ್ದು ಅಂತ ಒಂದು ಸಲ ಕರಾರುವಾಕ್ಕಾಗಿ ಹೇಳಿಬಿಟ್ಟ. ಆಮೇಲೆ ಎಲ್ಲರೂ ಅವನನ್ನು ಒಂಥರಾ ನೋಡಲು ಶುರು ಮಾಡಿದರು.

ಷರತ್ತು ಒಂದೇ. ಕಥೆ ತಂಡಕ್ಕೆ ನಿಜ ಗೊತ್ತಿರಬೇಕು. ಅವರಿಗೂ ಸುಳ್ಳು ಹೇಳಿದರೆ ಅದು ಬರೀ ತಪ್ಪು ಭರ್ತಿ ಮಾಡಿದ ಅರ್ಜಿ.

ಊರುಗೋಲು:
ಕಲೆ ತೆಗೆಯುವುದಕ್ಕೂ ಸ್ಕಿಲ್ ಇದೆಯಾ ನಿಮ್ಮ ಆಟದಲ್ಲಿ?

ಮುಖವಾಡ:
ಇರಲಿಲ್ಲ. ಕೇಳಿದೆ. 1 ಪಾಯಿಂಟಿಗೆ ಕೊಟ್ಟರು. ಕೇಳಿದರೆ ಕೊಡುತ್ತಾರೆ ಸ್ವಾಮಿ, ಅದರಿಂದ ಯಾರೂ ಸಾಯುವುದಿಲ್ಲ ಅಂತಾದರೆ.

ಕಾಡುಬೆಕ್ಕು:
ಮೂರು ದಿನ ಕೂತು ಮತ್ತೆ ಬರೆದೆ. ಕೋಟೆ ಹೋಯಿತು, ಕಳ್ಳರು ಹೋದರು. ಇದು ಪೂರ್ತಿ ಹಿನ್ನೆಲೆ, ನೋಡಿ:

"ಸೈನ್ಯದ ಹಿಂದೆ ಹೋಗುವ ಗಾಡಿಯಲ್ಲಿ ಹುಟ್ಟಿದವಳು. ಅಮ್ಮ ಗಾಡಿ ಹೊಡೆಯುತ್ತಾಳೆ, ಈಗಲೂ. 14ನೇ ವಯಸ್ಸಿಗೆ ಶಿಬಿರದ ವೈದ್ಯೆಯ ಕೈಕೆಳಗೆ ಸೇರಿದೆ. ಅವಳ ಎಡಗಿವಿ ಕೇಳಿಸುವುದಿಲ್ಲ, ಯಾವಾಗಲೂ ಬಲಗಡೆ ನಿಲ್ಲು ಅನ್ನುತ್ತಿದ್ದಳು. ಮೊದಲ ವರ್ಷ ಬರೀ ಗಂಟು ಕಟ್ಟಿದ್ದು. ಎರಡನೇ ವರ್ಷ ಮೂಲಿಕೆ. ಆಮೇಲೆ ಮುರಿದ ಎಲುಬು ಕೂಡಿಸುವುದು. ವಿಷದ ಪಾಠ ಶುರುವಾಗುವ ಚಳಿಗಾಲದಲ್ಲಿ ಅವಳಿಗೆ ಹೇಳದೆ ಓಡಿಬಂದೆ. ಬರುವಾಗ ಅವಳ ಕತ್ತರಿ ನನ್ನ ಚೀಲದಲ್ಲೇ ಉಳಿದಿತ್ತು. ಯಾಕೆ ಓಡಿದೆ ಅಂತ ಕೇಳಿದರೆ ಹೇಳುವುದಿಲ್ಲ. ವಯಸ್ಸು 18."

ಸ್ಕಿಲ್: ಗಾಯ ಕಟ್ಟುವುದು 2, ಗಿಡಮೂಲಿಕೆ 3, ಎಲುಬು ಕೂಡಿಸುವುದು 3, ಚಿಕ್ಕ ಆಯುಧ 1, ಒಂದು ಪೆಟ್ಟು ಹೆಚ್ಚು ತಾಳುವುದು 2. ಒಟ್ಟು 11. ಉಳಿದ 1 ಹಾಗೇ ಇಟ್ಟುಕೊಂಡಿದ್ದೇನೆ. ಗಂಟು ಕಟ್ಟುವುದನ್ನು ಮನೆಯಲ್ಲಿ ಕುರ್ಚಿ ಕಾಲಿಗೆ ಕಟ್ಟಿ ಕಟ್ಟಿ ನಿಜವಾಗಿಯೇ ಕಲಿಯುತ್ತಿದ್ದೇನೆ.

ಕಥೆ ತಂಡದ ಉತ್ತರ ಮತ್ತೆ ಒಂದೇ ಸಾಲು: "ಒಪ್ಪಿದ್ದೇವೆ. ಕತ್ತರಿ ತನ್ನಿ."

ಹಳೇ ಗುರಾಣಿ:
ವಿಷದ ಮುಂಚಿನ ಚಳಿಗಾಲ! ಇದಕ್ಕಿಂತ ಹೇಳುವುದೇನಿಲ್ಲ. ಕತ್ತರಿ ಮೊಂಡು ಇರಲಿ, ರೆಫರಿಗೆ ತೋರಿಸಿ.

ಲೆಕ್ಕದ ಮನುಷ್ಯ:
ಚಿಕ್ಕ ಆಯುಧ ತೆಗೆದು ಆ 1 ಪಾಯಿಂಟನ್ನೂ ಉಳಿಸಬಹುದಿತ್ತು. ಇರಲಿ. ಎಲುಬು ಕೂಡಿಸುವುದು ಒಳ್ಳೆಯ ಆಯ್ಕೆ, ಕೈಕಾಲು ಮುರಿದವರಿಗೆ ಬರ ಇರುವುದಿಲ್ಲ.

ಕಾಡುಬೆಕ್ಕು:
ಆಟ ಮುಗಿಸಿ ಬಂದೆ. ಮೈಯೆಲ್ಲ ನೋವು.

ಮೊದಲ ದಿನ ಸಂಜೆವರೆಗೆ 9 ಜನರಿಗೆ ಕಟ್ಟು ಹಾಕಿದೆ. ಗಂಟು ನಿಜವಾಗಿ ಬರುತ್ತಿದ್ದರಿಂದ ಕೈ ತಾನೇ ಓಡುತ್ತಿತ್ತು, ಬಾಯಿಗೆ ಬಿಡುವು ಸಿಕ್ಕಿತು. ಕಟ್ಟುವಾಗ ಜನ ಏನೇನೋ ಹೇಳಿಕೊಂಡರು. ಕತ್ತಲಾದ ಮೇಲೆ ಇಬ್ಬರು ಒಬ್ಬನನ್ನು ಹೊತ್ತು ತಂದರು. ತುಟಿ ನೀಲಿ. ಬಣ್ಣ ಅಂತ ಗೊತ್ತು, ಆದರೂ ಎದೆ ಧಸಕ್ಕೆಂದಿತು. ವಿಷ. "ನನಗೆ ಬರುವುದಿಲ್ಲ" ಅಂದೆ. ಯಾಕೆ ಅಂತ ಅವರು ಕೂಗಿದರು. ಒಂದು ಚಳಿಗಾಲ ಮೊದಲೇ ಓಡಿಬಂದೆ ಅಂತ ಹೇಳುವಾಗ ನಿಜವಾಗಿಯೂ ಗಂಟಲು ಕಟ್ಟಿತು. ಆಮೇಲೆ ಲಾಟೀನು ಹಿಡಿದು ಡೇರೆಯಿಂದ ಡೇರೆಗೆ ವಿಷ ಬಲ್ಲವರನ್ನು ಹುಡುಕಿಕೊಂಡು ಓಡಿದೆ. ನಾಲ್ಕನೇ ಡೇರೆಯಲ್ಲಿ ಸಿಕ್ಕರು. ಈಗ ಆ ಗುಂಪಿನ ಜೊತೆಗೇ ಇದ್ದೇನೆ.

ಎರಡನೇ ದಿನ ಬೆಳಗ್ಗೆ ನನ್ನ ಡೇರೆ ಮುಂದೆ ಒಬ್ಬ ಮುದುಕಿ ಬಂದು ನಿಂತಳು. ಏನು ಬೇಕು ಅಂತ ಕೇಳಿದೆ. ಉತ್ತರ ಇಲ್ಲ. ಮತ್ತೆ ಕೇಳಿದೆ. ಆಗ ಹೊಳೆಯಿತು, ನಾನು ಅವಳ ಎಡಗಡೆ ನಿಂತಿದ್ದೆ. ಸುತ್ತಿಕೊಂಡು ಬಲಗಡೆಗೆ ಹೋದೆ. ಅವಳು ಬೈಯಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದವನ ತೋಳಿನ ಕಟ್ಟನ್ನು ನೋಡಿದಳು, ನಿಧಾನವಾಗಿ ಬಿಚ್ಚಿದಳು, ಬಟ್ಟೆಯನ್ನು ನನ್ನ ಕೈಗೆ ಕೊಟ್ಟು "ಮತ್ತೆ ಕಟ್ಟು" ಅಂದಳು. ಕತ್ತರಿ ತೆಗೆದುಕೊಂಡು ಹೊರಟುಹೋದಳು.

ಕಥೆ ಹೆಣೆಯುವವಳು:
ಆ ಎನ್‌ಪಿಸಿ ಯಾರೋ, ಅವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ತಿಳಿಸಿ.

ಮೂಲೆಮಾತು:
ನಾನೂ ನನ್ನ ಈವೆಂಟ್ ಮುಗಿಸಿದೆ. ಎರಡು ದಿನದಲ್ಲಿ 7 ಪತ್ರ, ನಾನು ಆಡಿದ ಮಾತು ಹೆಚ್ಚೆಂದರೆ ಇಪ್ಪತ್ತು. ಮೂರು ಗುಂಪು ನನ್ನನ್ನು ಅವರವರ ಗೂಢಚಾರ ಅಂದುಕೊಂಡಿದೆ.

ಲೆಕ್ಕದ ಮನುಷ್ಯ:
ಕಾಡುಬೆಕ್ಕು, ಅನುಭವದ ಪಾಯಿಂಟ್ ಎಷ್ಟು ಕೊಟ್ಟರು? ಮುಂದೆ ಏನು ತೆಗೆದುಕೊಳ್ಳುತ್ತೀರಿ?

ಕಾಡುಬೆಕ್ಕು:
2 ಕೊಟ್ಟರು. ಉಳಿಸಿದ್ದು ಸೇರಿ 3. ವಿಷಕ್ಕೆ 4 ಬೇಕು.